ಹಕ್ಕಿಯ ಲೆಕ್ಕ, ತಲೆಯ ಲೆಕ್ಕ

ನಮ್ಮ ಬೆಂಗಳೂರಲ್ಲೇ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಕೂಗಿದ ಹಳದಿ ಹಕ್ಕಿ 'ಕೂ' ಆ್ಯಪ್. 2021ರಲ್ಲಿ, ರೈತರು ದಿಲ್ಲಿ ಗಡಿಯಲ್ಲಿ ಕೂತಿದ್ದಾಗ, ಟ್ವಿಟರ್ ಮೇಲೆ ಮುನಿದ ಮಂತ್ರಿಗಳು ಇದರ ಬೆನ್ನೇರಿದರು. ಸ್ವದೇಶಿ ಹಕ್ಕಿ ಅಂದರು. ಕಾಳು ಹಾಕೋದರಲ್ಲಿ ಮುಂದಿದ್ದದ್ದು ಮಾತ್ರ ಅಮೆರಿಕದ ಟೈಗರ್ ಗ್ಲೋಬಲ್! 2024ರ ಜುಲೈನಲ್ಲಿ ಹಕ್ಕಿ ಸತ್ತಿತು. ಆರು ಕೋಟಿ ಜನ ಇಳಿಸಿಕೊಂಡರು ಅನ್ನೋ ಜಂಬ. ಉಚ್ಛ್ರಾಯದಲ್ಲೂ ದಿನಾ ಬಂದವರು 21 ಲಕ್ಷ.

ಗೆಳೆಯರೇ, ಆ 'ದೇಶ'ದಲ್ಲಿ ಯಾರಿದ್ದರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ: ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33. ಜಯನಗರ, ಬನಶಂಕರಿಯ ಬೀದಿ ಗುಡಿಸೋ ಅವ್ವಂದಿರು ಯಾವ ಲೆಕ್ಕದಲ್ಲಿದ್ದಾರೆ? ಕೊಚ್ಚಿಕೊಂಡ ಅಂಕಿಗಳಲ್ಲಿ ಜಾತಿಯ ಸುದ್ದಿಯೇ ಇಲ್ಲ.

ಬೆರಳು ಒತ್ತಿದ್ದನ್ನ ಗಳಿಗೆ ಗಳಿಗೆಗೂ ಎಣಿಸ್ತಾರೆ. ನಮ್ಮ ಜಾತಿ, ಓದು, ಬದುಕು ಎಣಿಸಿದ 2015ರ ರಾಜ್ಯ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿಗೆ. 2025ರಲ್ಲಿ ಮತ್ತೆ ಮೊದಲಿಂದ ಎಣಿಕೆ!

ಯಾವ ಅಂಕಿ ಕಂಡರೂ ಕೇಳಿ: ಎಣಿಸಿದವರು ಯಾರು? ಎಣಿಕೆಗೆ ಬಾರದವರು ಯಾರು? ಊರಾಚೆ ಇಟ್ಟವರನ್ನ ಲೆಕ್ಕದಾಚೆಯೂ ಇಟ್ಟು ಕಟ್ಟಿದ್ದು ದೇಶ ಅಲ್ಲ, ಅಗ್ರಹಾರ.