ಮೈತುಂಬ ಬಣ್ಣ ಬಳಿದರೆ ಚರ್ಮಕ್ಕೆ ಉಸಿರುಗಟ್ಟುತ್ತದೆಯೇ? ಕಾಸ್‌ಪ್ಲೇ ವೇಷದೊಳಗೆ ನಿಜಕ್ಕೂ ಆಗುವುದೇನು?

ಮೈಗೆಲ್ಲ ಬಣ್ಣ ಬಳಿದರೆ ಚರ್ಮದ ರಂಧ್ರಗಳು ಮುಚ್ಚಿಹೋಗಿ, ಚರ್ಮ ಉಸಿರಾಡಲಾಗದೆ ಮನುಷ್ಯ ಸತ್ತೇ ಹೋಗುತ್ತಾನೆ ಎಂಬ ಮಾತನ್ನು ನೀವೂ ಕೇಳಿರಬಹುದು. ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಬಂದಾಗಲೋ, ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಸಿನಿಮಾ, ಕಾಮಿಕ್ಸ್, ಗೇಮ್‌ಗಳ ಪಾತ್ರಗಳಂತೆ ವೇಷ ತೊಟ್ಟವರ, ಅಂದರೆ ಕಾಸ್‌ಪ್ಲೇ ಮಾಡುವವರ ಫೋಟೋ ನೋಡಿದಾಗಲೋ ಈ ಭಯ ಮತ್ತೆ ತಲೆ ಎತ್ತುತ್ತದೆ. ವೇಷದಲ್ಲಿ ಅಪಾಯ ಇಲ್ಲವೆಂದಲ್ಲ. ಆದರೆ ಅದು ಇರುವ ಜಾಗ ಬೇರೆ.

ಈ ಕಥೆ ಜನಪ್ರಿಯವಾಗಿದ್ದು 1964ರ ಜೇಮ್ಸ್ ಬಾಂಡ್ ಚಿತ್ರ 'ಗೋಲ್ಡ್‌ಫಿಂಗರ್'ನಿಂದ. ಅದರಲ್ಲಿ ಮೈತುಂಬ ಚಿನ್ನದ ಬಣ್ಣ ಬಳಿದ ಹೆಣ್ಣೊಬ್ಬಳು ಉಸಿರುಗಟ್ಟಿ ಸಾಯುತ್ತಾಳೆ. ಆ ಪಾತ್ರ ಮಾಡಿದ ನಟಿಯೇ ಚಿತ್ರೀಕರಣದಲ್ಲಿ ಸತ್ತಳೆಂಬ ಪುಕಾರೂ ಹಬ್ಬಿತು. ನಿಜದಲ್ಲಿ ಶರ್ಲಿ ಈಟನ್ ಆಮೇಲೂ ಹಲವು ಚಿತ್ರಗಳಲ್ಲಿ ನಟಿಸಿದರು. ನಾವು ಉಸಿರಾಡುವುದು ಶ್ವಾಸಕೋಶದಿಂದ. ಚರ್ಮದ ತೀರಾ ಮೇಲಿನ ಪದರ ಮಾತ್ರ ಹೊರಗಿನ ಗಾಳಿಯಿಂದ ಒಂದಿಷ್ಟು ಆಕ್ಸಿಜನ್ ಪಡೆಯುತ್ತದೆ. ಉಳಿದ ದೇಹಕ್ಕೆ ಅದರಿಂದ ಏನೂ ದಕ್ಕುವುದಿಲ್ಲ.

ಚರ್ಮದ ದೊಡ್ಡ ಕೆಲಸ ಬೆವರುವುದು. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿಯಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಇಲ್ಲಿ 'ಆರಿದರೆ' ಎಂಬುದೇ ಮುಖ್ಯ. ತೊಟ್ಟಿಕ್ಕಿ ಕೆಳಗೆ ಬಿದ್ದ ಬೆವರಿನಿಂದ ಮೈ ತಣಿಯುವುದಿಲ್ಲ, ನೀರು ಮಾತ್ರ ನಷ್ಟ. ಮೈಯನ್ನು ಗಾಳಿಯಾಡದಂತೆ ಮುಚ್ಚುವ ಯಾವುದೇ ವೇಷ ತಡೆಯುವುದು ಈ ಆರುವಿಕೆಯನ್ನೇ.

ಕಾಸ್‌ಪ್ಲೇಯಲ್ಲಿ ಕವಚ, ಕಿರೀಟ, ಹೆಲ್ಮೆಟ್ ಮಾಡಲು ಹೆಚ್ಚಾಗಿ ಬಳಸುವುದು ಇವಿಎ ಫೋಮ್ ಶೀಟ್. ಮಕ್ಕಳ ಆಟದ ಮ್ಯಾಟ್, ಚಪ್ಪಲಿಯ ಅಟ್ಟೆಯಲ್ಲೂ ಇರುವ ವಸ್ತು ಇದು. ಹಗುರ, ಅಗ್ಗ, ಬಿಸಿ ಮಾಡಿ ಬೇಕಾದಂತೆ ಬಗ್ಗಿಸಬಹುದು. ಕಬ್ಬಿಣದಂತೆ ಕಾಣುವ ಕವಚ ಹಗುರವಾಗಿರಬೇಕೆಂಬ ಯೋಚನೆ ನಮಗೇನೂ ಹೊಸದಲ್ಲ. ಯಕ್ಷಗಾನದ ಆಭರಣಗಳನ್ನು ಹಗುರ ಮರದಲ್ಲಿ ಮಾಡಿ, ಬಣ್ಣದ ಹಾಳೆ, ಕನ್ನಡಿ ಚೂರು ಅಂಟಿಸುವುದೂ ಇದೇ ಕಾರಣಕ್ಕೆ. ಆದರೆ ಫೋಮ್‌ನೊಳಗಿನ ಗಾಳಿಗುಳ್ಳೆಗಳು ಮುಚ್ಚಿಕೊಂಡಿರುತ್ತವೆ. ಗಾಳಿಯೂ ದಾಟದು, ಆವಿಯೂ ದಾಟದು. ಫೋಮ್ ಕವಚ ತೊಟ್ಟವರು ತೂಕದಿಂದಲ್ಲ, ಸೆಕೆಯಿಂದ ಸೋಲುತ್ತಾರೆ.

ಹಾಗಾಗಿ ಗಾಳಿಯ ದಾರಿಯನ್ನು ಕಾಗದದ ಮೇಲೆ ಅಳತೆ ತೆಗೆಯುವಾಗಲೇ ಗುರುತಿಸಿಕೊಳ್ಳಬೇಕು. ಕಂಕುಳು, ಬೆನ್ನಿನ ನಡುಭಾಗ, ಮಂಡಿಯ ಹಿಂಬದಿ ತೆರೆದಿರಲಿ. ಅವು ಫೋಟೋದಲ್ಲಿ ಅಷ್ಟಾಗಿ ಕಾಣುವುದೂ ಇಲ್ಲ. ಬಿಸಿಗಾಳಿ ಮೇಲೇರುವುದರಿಂದ ಕುತ್ತಿಗೆಯ ಸುತ್ತ ಸಂದು ಬೇಕು. ಹೆಲ್ಮೆಟ್‌ನೊಳಗೆ ಪುಟ್ಟ ಫ್ಯಾನ್ ಕೂರಿಸಿದರೆ ಸಾಲದು. ಗಾಳಿ ಹೊರಹೋಗಲು ಇನ್ನೊಂದು ತೂತಿಲ್ಲದಿದ್ದರೆ ಅದು ನೀವೇ ಬಿಟ್ಟ ಬಿಸಿ ಉಸಿರನ್ನು ಒಳಗೇ ತಿರುಗಿಸುತ್ತಿರುತ್ತದೆ. ಅದಕ್ಕೆ ಕರೆಂಟ್ ಕೊಡುವ ಪವರ್ ಬ್ಯಾಂಕನ್ನು ಮೈಗೆ ಒತ್ತಿ ಕಟ್ಟಬೇಡಿ, ಹೊರಗಿನ ಜೇಬಿನಲ್ಲಿರಲಿ. ಭಾರದ ಭಾಗಗಳನ್ನು ಹೆಗಲಿಗೆ ತೂಗುಹಾಕುವ ಬದಲು ಸೊಂಟದ ಬೆಲ್ಟಿಗೆ ಸೇರಿಸಿದರೆ ಸಂಜೆಯ ಹೊತ್ತಿಗೆ ಕುತ್ತಿಗೆ ನೋಯುವುದು ಕಡಿಮೆ. ಮೂತ್ರಕ್ಕೆ ಹೋಗಲು ದಾರಿ ಇಟ್ಟುಕೊಳ್ಳದ ವೇಷ ತೊಟ್ಟವರು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಮಟ್ಟಿಗೆ ಇದು ಹೆಲ್ಮೆಟ್‌ನ ಸೆಕೆಗಿಂತ ಕೆಟ್ಟದ್ದು.

"ಒಳಗೆ ಹತ್ತಿ ಬಟ್ಟೆ ಹಾಕಿದರಾಯಿತು" ಎನ್ನುವುದು ಅರ್ಧ ಸತ್ಯ. ಬಯಲಲ್ಲಿ ಸಡಿಲವಾಗಿ ತೊಟ್ಟಾಗ ಹತ್ತಿಗೆ ಸಾಟಿಯಿಲ್ಲ. ಕವಚದ ಕೆಳಗೆ ಮಾತ್ರ ಅದು ಬೆವರನ್ನು ಹೀರಿ, ಆರಲು ಜಾಗವಿಲ್ಲದೆ, ಒದ್ದೆಯಾಗಿ ಮೈಗೆ ಅಂಟಿ ಚರ್ಮವನ್ನು ಉಜ್ಜುತ್ತದೆ. ಆಟಗಾರರು ತೊಡುವ ತೆಳು ಪಾಲಿಯೆಸ್ಟರ್ ಟೀ ಶರ್ಟ್ ಬೆವರನ್ನು ಹರಡಿ ಬೇಗ ಆರಿಸುತ್ತದೆ. ಆದರೆ ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ದೀಪ, ಪಟಾಕಿ ಇರುವ ಕಡೆ ಅದರ ಸಹವಾಸ ಬೇಡ.

ಬಣ್ಣದ ವಿಷಯಕ್ಕೆ ಬಂದರೆ, ಎಷ್ಟು ಬಳಿದಿರಿ ಎಂಬುದಕ್ಕಿಂತ ಯಾವುದನ್ನು ಬಳಿದಿರಿ ಎಂಬುದು ಮುಖ್ಯ. 1939ರಲ್ಲಿ ತೆರೆಕಂಡ 'ದಿ ವಿಜಾರ್ಡ್ ಆಫ್ ಆಜ್' ಚಿತ್ರದಲ್ಲಿ ತಗಡಿನ ಮನುಷ್ಯನ ಪಾತ್ರದಲ್ಲಿ ಮೊದಲು ನಟಿಸತೊಡಗಿದವರು ಬಡ್ಡಿ ಎಬ್ಸನ್. ಮುಖಕ್ಕೆ ಹಾಕುತ್ತಿದ್ದ ಅಲ್ಯೂಮಿನಿಯಂ ಪುಡಿ ಶ್ವಾಸಕೋಶ ಸೇರಿ ಅವರು ಆಸ್ಪತ್ರೆ ಸೇರಬೇಕಾಯಿತು. ಬದಲಿಗೆ ಬಂದ ನಟನಿಗೆ ಪುಡಿಯ ಬದಲು ಪೇಸ್ಟ್ ಹಚ್ಚಿದರು. ಮಗುವನ್ನು ಗಾಂಧೀಜಿಯ ಪ್ರತಿಮೆ ಮಾಡಲು ಗೇಟಿಗೆ ಬಳಿಯುವ ಬೆಳ್ಳಿ ಪೇಂಟ್ ತರುವವರು ಇದನ್ನು ನೆನಪಿಡಬೇಕು. ಆ ಪೇಂಟನ್ನು ತೆಗೆಯಲು ಸೀಮೆಎಣ್ಣೆ, ತಿನ್ನರ್ ಉಜ್ಜುವುದು ಮತ್ತೊಂದು ಸುತ್ತಿನ ಹಾನಿ. ಚರ್ಮಕ್ಕೆಂದೇ ಮಾಡಿದ, ನೀರಿನಲ್ಲಿ ಹೋಗುವ ಬಣ್ಣವನ್ನೇ ಕೊಳ್ಳಿ. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ.

ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ "ಪವರ್ ಇಲ್ಲ, ಹಾಗಾಗಿ ಅಪಾಯವಿಲ್ಲ" ಎಂಬುದು ಶುದ್ಧ ತಪ್ಪು. ಅಳತೆಗೆ ಹೊಂದದ ಲೆನ್ಸ್ ಕಣ್ಣಿನ ಕರಿಗುಡ್ಡೆಯ ಮೇಲ್ಪದರವನ್ನು ಗೀರುತ್ತದೆ, ಸೋಂಕಾದರೆ ದೃಷ್ಟಿಯೇ ಹೋಗಬಹುದು. ಅಮೆರಿಕದಲ್ಲಿ 2005ರಿಂದ ಅಲಂಕಾರದ ಲೆನ್ಸ್ ಕೂಡ ಕಾನೂನಿನ ಪ್ರಕಾರ ವೈದ್ಯಕೀಯ ಸಾಧನ. ಸ್ನೇಹಿತರೊಡನೆ ಲೆನ್ಸ್ ಅದಲುಬದಲು ಮಾಡಲೇಬೇಡಿ.

ವೇಷದ ಭಾಗಗಳನ್ನು ಮೈಮೇಲೆ ಅಂಟಿಸಿ, ಹೊಲಿದು ಭದ್ರಮಾಡುವ ಅಭ್ಯಾಸ ನಮಗೆ ಒಪ್ಪಿಗೆಯಿಲ್ಲ. ವೆಲ್ಕ್ರೊ, ಬಕಲ್ ಹಾಕಿದರೆ ಇನ್ನೊಬ್ಬರು ಒಂದು ನಿಮಿಷದಲ್ಲಿ ಬಿಚ್ಚಬಹುದು. ತಲೆಸುತ್ತು, ವಾಕರಿಕೆ ಬಂದ ಕೂಡಲೇ ಹೆಲ್ಮೆಟ್, ಕವಚ ತೆಗೆದು ನೆರಳಿಗೆ ಬಂದು ನೀರು ಕುಡಿಯಬೇಕು. ಮಾತು ತೊದಲಿದರೆ, ಗೊಂದಲಗೊಂಡಂತೆ ಆಡಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಮೈಗೆ ನೀರು ಸುರಿದು ಗಾಳಿ ಬೀಸುತ್ತಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.