ಡಬ್ಬ ಕಟ್ಟೋಕೆ ಬಟ್ಲರ್ ಇಂಗ್ಲಿಷ್ ಯಾಕೆ ಸ್ವಾಮಿ?

ಬಿಟಿಎಂ ಲೇಔಟಿನ ಪಿಜಿಗಳಲ್ಲಿ, ಜಯನಗರದ ಬಾಡಿಗೆ ರೂಮುಗಳಲ್ಲಿ ಕೆಲಸಕ್ಕಾಗಿ ಕಾಯುತ್ತಿರುವ ಕನ್ನಡದ ಹುಡುಗರೇ, ಒಂದು ಪ್ರಶ್ನೆ. ಬಿಟಿಎಂ ಅಂದರೇನು? ಬೈರಸಂದ್ರ, ತಾವರೆಕೆರೆ, ಮಡಿವಾಳ! ಮೂರೂ ಅಪ್ಪಟ ಕನ್ನಡದ ಊರುಗಳು. ಮೂರಕ್ಕೂ ಇಂಗ್ಲಿಷ್ ಟೋಪಿ ಹಾಕಿ ಮೂರಕ್ಷರಕ್ಕೆ ಇಳಿಸಿದರು. ಊರಿನ ಹೆಸರಿಗೇ ಈ ಗತಿಯಾದರೆ ಊರಿನವರ ಕೆಲಸದ ಗತಿ ಏನು?

ಇದು ಬರೀ ಘೋಷಣೆಯ ಮಾತಲ್ಲ. ಅನ್ನದ ಮಾತು. ನನ್ನದೇ ಅನ್ನದ ಮಾತು.

ನಾನು ಓದಿದ್ದು ಐಟಿಐ. ಬನ್ನೇರುಘಟ್ಟ ರಸ್ತೆಯ ಕಾರ್ಖಾನೆಯೊಂದರ ಡಿಸ್‌ಪ್ಯಾಚ್ ಸೆಕ್ಷನ್ನಿನಲ್ಲಿ ಹದಿನೇಳು ವರ್ಷ ದುಡಿದೆ. ಯಂತ್ರದ ಬಿಡಿಭಾಗ ಎಣಿಸುವುದು, ಪೆಟ್ಟಿಗೆಗೆ ತುಂಬುವುದು, ಪ್ಯಾಕಿಂಗ್ ಸ್ಲಿಪ್ ಬರೆಯುವುದು, ಸೀಲ್ ಹೊಡೆದು ಲಾರಿಗೆ ಹತ್ತಿಸುವುದು. ಒಂದು ದಿನ ಗೇಟಿಗೆ ಬೀಗ ಬಿತ್ತು. ಆಗ ನನಗೆ ನಲವತ್ತೊಂದು. ಬನಶಂಕರಿಯಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳ ಸ್ಕೂಲ್ ಫೀಸು.

ಇದು ನನ್ನೊಬ್ಬನ ಕಥೆಯಲ್ಲ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ನಾಡಿನ ಮನೆಮನೆಯ ಕೈಗೆ ಗಡಿಯಾರ ಕಟ್ಟಿದ ಎಚ್‌ಎಂಟಿ ವಾಚಸ್‌ಗೆ ಬೀಗ ಹಾಕಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕಾರ್ಖಾನೆ ಕಳೆದುಕೊಂಡವರು ಸೆಕ್ಯುರಿಟಿ ಗಾರ್ಡ್ ಆದರು, ಆಟೋ ಓಡಿಸಿದರು. ಅದೂ ಮರ್ಯಾದೆಯ ದುಡಿಮೆಯೇ, ಬೇಡ ಅನ್ನುವುದಿಲ್ಲ. ಆದರೆ ಅವರ ಕೈಯಲ್ಲಿದ್ದ ಕಸುಬು, ತಲೆಯಲ್ಲಿದ್ದ ಶಿಸ್ತು ಏನಾಯಿತು? ಒಬ್ಬನಾದರೂ ಕೇಳಿದನೇ?

ನನ್ನನ್ನು ದಡ ಹತ್ತಿಸಿದ್ದು ತಂಗಿಯ ಮಗ. ಒಂದು ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟು, "ಮಾವ, ಇದು ನೀವು ಮಾಡ್ತಿದ್ದ ಕೆಲಸಾನೇ. ಪೆಟ್ಟಿಗೆ ಬದಲು ಫೈಲು, ಲಾರಿ ಬದಲು ನೆಟ್‌ವರ್ಕು, ಅಷ್ಟೇ" ಅಂದ.

ನಗಬೇಡಿ. ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜ. ಸಾಫ್ಟ್‌ವೇರ್ ಅಂದರೆ ಪ್ರೋಗ್ರಾಂ ಬರೆಯುವುದೊಂದೇ ಎಂದು ನಮ್ಮನ್ನು ನಂಬಿಸಿದ್ದಾರೆ. ಬರೆದದ್ದನ್ನು ಕಟ್ಟಿ ಕಳಿಸುವವರು ಬೇಡವೇ? ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಶುರುವಾಗಿದ್ದು 1993ರಲ್ಲಿ. ಅದರ ಒಂದು ಪ್ಯಾಕೇಜ್ ಬಿಚ್ಚಿ ನೋಡಿ. ಒಳಗೆ ಕಂಟ್ರೋಲ್ ಎಂಬ ಕಡತ ಇರುತ್ತದೆ. ಮಾಲಿನ ಹೆಸರೇನು, ಎಷ್ಟನೇ ಆವೃತ್ತಿ, ಕಟ್ಟಿದವರು ಯಾರು, ಇದು ನಡೆಯಲು ಇನ್ಯಾವ ಮಾಲು ಮೊದಲೇ ಇರಬೇಕು, ಎಲ್ಲ ಅದರಲ್ಲಿ. ಇದು ನನ್ನ ಹಳೇ ಪ್ಯಾಕಿಂಗ್ ಸ್ಲಿಪ್ ಅಲ್ಲದೆ ಇನ್ನೇನು? ಚೆಕ್‌ಸಮ್ ಅಂದರೆ ಸೀಲು. ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಡಿಪ್ಲಾಯ್‌ಮೆಂಟ್ ಅಂದರೆ ಮಾಲನ್ನು ಗಿರಾಕಿಯ ಸರ್ವರಿಗೆ ಇಳಿಸಿ, ನಡೆಯುತ್ತದೋ ಇಲ್ಲವೋ ನೋಡುವುದು. ರೋಲ್‌ಬ್ಯಾಕ್ ಅಂದರೆ ಕೆಟ್ಟ ಮಾಲನ್ನು ವಾಪಸ್ ತಂದು ಹಳೆಯದನ್ನು ಕೂರಿಸುವುದು. ಒಂದೂವರೆ ವರ್ಷ ರಾತ್ರಿ ನಿದ್ದೆಗೆಟ್ಟು ಕಲಿತೆ. ಸುಲಭವಿರಲಿಲ್ಲ. ಆದರೆ ಬಿ.ಇ. ಓದಿದವನಿಗೆ ಮಾತ್ರ ಗೊತ್ತಾಗುವ ಬ್ರಹ್ಮವಿದ್ಯೆಯೂ ಆಗಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಇಂಟರ್‌ವ್ಯೂ ಎಂಬ ನಾಟಕ!

ಜೆ.ಪಿ. ನಗರದ ಒಂದು ಕಂಪನಿ. ಕೆಟ್ಟ ಪ್ಯಾಕೇಜೊಂದನ್ನು ಕೊಟ್ಟು ಸರಿಮಾಡು ಅಂದರು. ಇಪ್ಪತ್ತು ನಿಮಿಷದಲ್ಲಿ ಮಾಡಿಕೊಟ್ಟೆ. ಪರೀಕ್ಷೆ ಮಾಡಿದ ಹುಡುಗ ತಲೆದೂಗಿದ. ಪಕ್ಕದ ಕೋಣೆಗೆ ಹೋದೆ. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದರು. ತೊದಲಿದೆ. ಬಾಗಿಲು ಮುಚ್ಚಿತು. ಕಾರಣ? "ಕಮ್ಯುನಿಕೇಷನ್ ಸಾಲದು." ಬೆಂಗಳೂರಿನ ದಕ್ಷಿಣ ತುದಿಯಲ್ಲಿ ಕೂತು, ಕನ್ನಡ ಬರುವವನಿಗೆ ಮಾತು ಬರುವುದಿಲ್ಲ ಅನ್ನುತ್ತಾರೆ! ಇಂಥ ಹನ್ನೊಂದು ಬಾಗಿಲು ಕಂಡೆ. ಹನ್ನೆರಡನೆಯದು ಜಯನಗರದ ಸಣ್ಣ ಆಫೀಸು. ಅದರ ಯಜಮಾನರು ಕನ್ನಡದಲ್ಲೇ ಒಂದೇ ಪ್ರಶ್ನೆ ಕೇಳಿದರು: "ರಾತ್ರಿ ಎರಡು ಗಂಟೆಗೆ ಕೆಟ್ಟರೆ ಏನು ಮಾಡ್ತೀರಿ?" ನಾನು ಹೇಳಿದೆ: "ಮೊದಲು ಹಳೇದನ್ನ ವಾಪಸ್ ಕೂರಿಸ್ತೀನಿ ಸಾರ್. ತಪ್ಪು ಯಾರದು ಅಂತ ಬೆಳಿಗ್ಗೆ ನೋಡೋಣ." ಕೆಲಸ ಸಿಕ್ಕಿತು. ಇದು ನಾಲ್ಕನೇ ವರ್ಷ.

ಈ ಕೆಲಸಕ್ಕೆ ಬೇಕಾದದ್ದು ಏನು ಎಂದು ಜಗತ್ತೇ ಪಾಠ ಕಲಿತಿದೆ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ಕಂಪನಿ ಎಂಟು ಸರ್ವರುಗಳಲ್ಲಿ ಏಳಕ್ಕೆ ಹೊಸ ತಂತ್ರಾಂಶ ಇಳಿಸಿ ಒಂದನ್ನು ಮರೆತಿತ್ತು. 2012ರ ಆಗಸ್ಟ್ 1ರಂದು ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಹಣ ಹೋಯಿತು! 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಕೆಟ್ಟ ಕಡತಕ್ಕೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಲ್ಲಿ ಇಂಗ್ಲಿಷ್ ಬರುವವರಿಗೇನು ಬರವಿತ್ತೇ? ತಪ್ಪಿದ್ದು ಎಣಿಕೆ, ತಪ್ಪಿದ್ದು ತಪಾಸಣೆ. ಎಂಟು ಪೆಟ್ಟಿಗೆಯಲ್ಲಿ ಏಳು ಕಳಿಸಿದರೆ ನಮ್ಮ ಸೆಕ್ಷನ್ನಿನ ಮೇಸ್ತ್ರಿ ಲಾರಿಯನ್ನು ಗೇಟು ದಾಟಲು ಬಿಡುತ್ತಿರಲಿಲ್ಲ.

ಇಂಗ್ಲಿಷ್ ಬೇಡವೇ ಬೇಡ ಎಂದು ನಾನು ಬುರುಡೆ ಬಿಡುವುದಿಲ್ಲ. ಕೈಪಿಡಿ ಓದಲು ಬೇಕು, ಎರರ್ ಮೆಸೇಜ್ ಅರ್ಥವಾಗಲು ಬೇಕು. ಅಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಓದಿ ತಿಳಿಯುವುದು ಬೇರೆ, ನಾಲಿಗೆಯ ಒಯ್ಯಾರ ಬೇರೆ. ಮೊದಲನೆಯದು ಕೆಲಸಕ್ಕೆ ಬೇಕು. ಎರಡನೆಯದು ನಮ್ಮನ್ನು ಹೊರಗಿಡಲು ಬೇಕು!

ಸರ್ಕಾರ ಏನು ಮಾಡಿತು? ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ 58 ಶಿಫಾರಸು ಕೊಟ್ಟಿತು. 2024ರ ಜುಲೈನಲ್ಲಿ, ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎನ್ನುವ ಮಸೂದೆಗೆ ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳು ಕಣ್ಣು ಕೆಂಪು ಮಾಡಿದರು. ಕೂಡಲೇ ಮಸೂದೆ ತಡೆಹಿಡಿದರು! ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಿದ್ದು ಸರ್ಕಾರದ್ದೇ ಆದ ಕಿಯೋನಿಕ್ಸ್. ನೆಲ ನಮ್ಮದು, ನೀರು ನಮ್ಮದು, ಕುರ್ಚಿ ಮಾತ್ರ ನಮ್ಮದಲ್ಲ.

ನಾಚಿಕೆಯ ವಿಷಯ ಇನ್ನೊಂದಿದೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್ ಮೇಲೆ ಕಂಪ್ಯೂಟರ್ ಕಲಿಯುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರವೇ ಕಂಪ್ಯೂಟರ್ ಪಠ್ಯವನ್ನು ಕನ್ನಡದಲ್ಲಿ ಕೊಡುತ್ತದೆ. ಗಡಿಯಾಚೆಯ ಕನ್ನಡದ ಕೂಸಿಗೆ ಸಿಕ್ಕ ಭಾಗ್ಯ ಬನಶಂಕರಿಯಲ್ಲಿ ಕೆಲಸ ಕಳೆದುಕೊಂಡವನಿಗೆ ಇಲ್ಲ! ನಾನು ಕಲಿಯಲು ಕೂತಾಗ ಈ ಕಸುಬಿನ ಬಗ್ಗೆ ಕನ್ನಡದ ಒಂದು ಪುಸ್ತಕವೂ ನನ್ನ ಕೈಗೆ ಸಿಗಲಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಬೀದಿಗಿಳಿಯೋಣ, ಬೇಡ ಅನ್ನುವುದಿಲ್ಲ. ಹೊರಗಿನಿಂದ ಬಂದ ಬಡ ಹುಡುಗನ ಮೇಲೆ ಕೈ ಮಾಡಲು ಅಲ್ಲ, ಅವನೂ ನಮ್ಮಂತೆ ಹೊಟ್ಟೆಪಾಡಿಗೆ ಬಂದವನು. ಮೂರೇ ಬೇಡಿಕೆ ಇಡೋಣ. ಒಂದು, ಇಂಥ ಕೆಲಸಗಳಿಗೆ ಕೈಕೆಲಸದ ಪರೀಕ್ಷೆಯೇ ಪರೀಕ್ಷೆಯಾಗಲಿ, ಮಾತುಕತೆ ಕನ್ನಡದಲ್ಲೂ ನಡೆಯಲಿ. ಎರಡು, ಐಟಿಐಗಳಲ್ಲಿ, ಕಿಯೋನಿಕ್ಸ್ ಕೇಂದ್ರಗಳಲ್ಲಿ ನಲವತ್ತು ದಾಟಿದವರಿಗೂ ಈ ಕಸುಬಿನ ಸಂಜೆ ತರಗತಿ ಕನ್ನಡದಲ್ಲಿ ಶುರುವಾಗಲಿ. ಮೂರು, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕಂಪನಿಗಳನ್ನು ಕೇಳಲಿ: ಈ ವರ್ಷ ಎಷ್ಟು ಕನ್ನಡಿಗರನ್ನು "ಕಮ್ಯುನಿಕೇಷನ್" ಹೆಸರಿನಲ್ಲಿ ಹೊರಗೆ ಕಳಿಸಿದಿರಿ?

ನಾಲ್ಕನೆಯದು ನಮ್ಮ ಪಾಲಿಗೆ. ಬಾಯಲ್ಲಿ ಜೈಕಾರ ಕೂಗಿ, ಕೈಯಲ್ಲಿ ಕಸುಬಿಲ್ಲದಿದ್ದರೆ ಯಾವ ಕಾನೂನೂ ನಮ್ಮನ್ನು ಕಾಯುವುದಿಲ್ಲ. ಗುಬ್ಬಿ, ನವಿಲು ಎಂಬ ಕನ್ನಡದ ಫಾಂಟುಗಳು ಡೆಬಿಯನ್ನಿನಲ್ಲಿ ಪ್ಯಾಕೇಜುಗಳಾಗಿ ಸಿಗುತ್ತವೆ. ಎಲ್ಲಿ ಬೇಕಾದರೂ ಕೂತು ಇಳಿಸಿಕೊಳ್ಳಬಹುದು. ಯಾರೋ ಕೂತು, ಎಣಿಸಿ, ಕಟ್ಟಿ, ಸೀಲ್ ಹಾಕಿದ್ದಕ್ಕೆ ಕನ್ನಡ ಅಲ್ಲಿಯವರೆಗೆ ಹೋಯಿತು. ಇವತ್ತು ರಾತ್ರಿ ಆ ಗುಬ್ಬಿ ಪ್ಯಾಕೇಜನ್ನೇ ಬಿಚ್ಚಿ ನೋಡಿ, ಮತ್ತೆ ಕಟ್ಟಿ ನೋಡಿ. ಅಲ್ಲಿಂದ ಶುರುಮಾಡಿ. ನನಗೆ ನಲವತ್ತೊಂದಾಗಿತ್ತು. ನಿಮಗಿನ್ನೂ ಇಪ್ಪತ್ತೆರಡು!