ದ್ರಾಕ್ಷಿ ತೊಟ್ಟಿಯಲ್ಲಿ ಗೋಧಿ ಬಡಿದವನು

2024ರ ಆಗಸ್ಟ್ 11, ಭಾನುವಾರ. ಬೆಳಿಗ್ಗೆ ಆರಕ್ಕೆ ಕೆಂಚನಗುಡ್ಡದಿಂದ ಅಪ್ಪನ ಫೋನು. ಅಷ್ಟು ಹೊತ್ತಿಗೆ ಊರಿನಿಂದ ಫೋನ್ ಬಂದರೆ ಯಾರೋ ತೀರಿಕೊಂಡಿದ್ದಾರೆ ಅಂತಲೇ ಅರ್ಥ. ಎದೆ ಧಸಕ್ ಅಂತು.

"ಡ್ಯಾಮಿನ ಗೇಟ್ ಕಿತಗೊಂಡು ಹೋಗೈತಂತ ಯವ್ವಾ, ಹತ್ತೊಂಬತ್ತನೇದು. ರಾತ್ರಿ ಆಗಿದ್ದಂತ."

"ನೀವು ಹುಷಾರಾಗಿದ್ದೀರಲ್ಲಪ್ಪಾ? ಹೊಳೆ ಬಂದೈತೇನು?"

"ಹೊಳೆ ಬರ್ತದ, ಹೋಗ್ತದ. ಅದು ನಮಗೇನು ಹೊಸದಲ್ಲ. ಇರೋ ನೀರೆಲ್ಲ ಹೋದ್ರ ಭತ್ತಕ್ಕ ಏನ್ ಮಾಡೋದು?"

ಸಿರುಗುಪ್ಪ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಒಂದು ಮಾತು. ತುಂಗಭದ್ರಾ ಅಣೆಕಟ್ಟಿಗೆ 33 ಗೇಟುಗಳು. 10ನೇ ತಾರೀಖು ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಅಣೆಕಟ್ಟು ಆಗ ತುಂಬಿತ್ತು, ಅಂದರೆ ನೂರು ಟಿಎಂಸಿ ಮೇಲೆ ನೀರು. ಒತ್ತಡ ತಗ್ಗಿಸೋಕೆ ಮಿಕ್ಕ ಗೇಟುಗಳನ್ನೂ ತೆರೆದರು. ರಿಪೇರಿ ಮಾಡಬೇಕಾದರೆ ಅರ್ಧಕ್ಕಿಂತ ಹೆಚ್ಚು ನೀರು ಖಾಲಿ ಮಾಡಬೇಕಾಗಬಹುದು ಅಂತ ಸುದ್ದಿ ಹಬ್ಬಿತು. ನಾಟಿ ಮಾಡಿದ ಗದ್ದೆಗಳು ಇಲ್ಲಿ ಹಸಿರಾಗಿ ನಿಂತಿವೆ, ಅಲ್ಲಿ ನೀರು ಹೊಳೆ ಸೇರಿ ಹೋಗ್ತಾ ಇದೆ. ಹೊಳೆ ದಂಡೆಯ ಊರಲ್ಲಿ ಕೂತು, ಕಣ್ಣೆದುರು ತುಂಬಿ ಹರಿಯೋ ನೀರು ನೋಡ್ತಾ, ಮುಂದಿನ ತಿಂಗಳು ನೀರಿಲ್ಲ ಅಂತ ಹೆದರೋದು ಎಂಥಾ ವಿಚಿತ್ರ ಸ್ಥಿತಿ ಅಂತ ಅವತ್ತು ಅನಿಸಿತ್ತು.

ಆ ವಾರ ನನಗೆ ಗಿದ್ಯೋನ್ ನೆನಪಾದ.

ಬಳ್ಳಾರಿಯ ಶಾಲೆಯಲ್ಲಿ ಓದುವಾಗ ನೀತಿ ಪಾಠದ ಪೀರಿಯಡ್‌ನಲ್ಲಿ ಕೇಳಿದ ಹೆಸರು. ಆಗ ಕಿವಿಗೆ ಬಿದ್ದಿದ್ದು ಇಷ್ಟೇ: ಮುನ್ನೂರು ಜನ, ಮಡಕೆ, ಪಂಜು, ಕಹಳೆ, ಗೆಲುವು. ದೊಡ್ಡವಳಾದ ಮೇಲೆ ಬೈಬಲ್‌ನ 'ನ್ಯಾಯಸ್ಥಾಪಕರು' ಪುಸ್ತಕದ 6ರಿಂದ 8ನೇ ಅಧ್ಯಾಯ ಕೂತು ಓದಿದಾಗ ಗೊತ್ತಾಯ್ತು, ಶುರುವಾಗೋದೇ ಬೆಳೆಯಿಂದ. ಮಿದ್ಯಾನ್ಯರು ಅನ್ನೋರು ಏಳು ವರ್ಷ ಒಂದೇ ಕೆಲಸ ಮಾಡ್ತಾರೆ: ಇಸ್ರಾಯೇಲ್ಯರು ಬಿತ್ತಿ ಬೆಳೆದಾಗ ಒಂಟೆಗಳ ಮೇಲೆ ಮಿಡತೆ ಹಿಂಡಿನ ಹಾಗೆ ಬಂದು ಬೆಳೆ, ದನ, ಕುರಿ ಎಲ್ಲ ಬಳಿದುಕೊಂಡು ಹೋಗೋದು. ಜನ ಗವಿಗಳಲ್ಲಿ ಬಚ್ಚಿಟ್ಟುಕೊಂಡು ಬದುಕ್ತಿದ್ದಾರೆ. ಕಥಾನಾಯಕ ನಮಗೆ ಮೊದಲು ಕಾಣಿಸೋದು ದ್ರಾಕ್ಷಿ ಹಿಂಡುವ ತೊಟ್ಟಿಯೊಳಗೆ ನಿಂತು ಗೋಧಿ ಬಡಿಯುತ್ತಿರುವಾಗ.

ರೈತರ ಮನೆಯವರಿಗೆ ಈ ಚಿತ್ರ ಎಷ್ಟು ನೋವಿನದು ಅಂತ ತಕ್ಷಣ ಗೊತ್ತಾಗುತ್ತೆ. ರಾಶಿ ಮಾಡೋದು ಬಯಲಲ್ಲಿ, ಗಾಳಿ ಬರೋ ಕಡೆ. ಕಣ ಅಂದರೆ ನಾಲ್ಕು ಜನಕ್ಕೆ ಕಾಣಬೇಕು, ಬಂದವರಿಗೆ ಒಂದು ಮೊರ ಕೊಡಬೇಕು. ತಗ್ಗಿನ ತೊಟ್ಟಿಯಲ್ಲಿ ಗಾಳಿಯೇ ಇಲ್ಲದೆ, ಹೊಟ್ಟು ಕಣ್ಣಿಗೆ ಬೀಳ್ತಾ, ಸದ್ದಾಗದ ಹಾಗೆ ಬಡಿಯೋನು ತನ್ನದೇ ಬೆಳೆಯನ್ನ ಕಳ್ಳನ ಥರ ಮನೆಗೆ ಒಯ್ಯುತ್ತಿದ್ದಾನೆ. ಅವನ ಹತ್ತಿರ ದೇವದೂತ ಬಂದು ಪರಾಕ್ರಮಶಾಲಿ ಅಂತ ಕರೀತಾನೆ! ನನಗಂತೂ ಇದು ಬೈಬಲ್‌ನ ಅತ್ಯಂತ ತಮಾಷೆಯ ಕ್ಷಣ ಅನಿಸುತ್ತೆ. ಗಿದ್ಯೋನ್ ಕೂಡ ಕೈ ಮುಗಿದು ಒಪ್ಪಿಕೊಳ್ಳಲ್ಲ. ದೇವರು ನಮ್ಮ ಜೊತೆ ಇದ್ದಿದ್ದರೆ ನಮಗ್ಯಾಕೆ ಈ ಗತಿ ಅಂತ ನೇರವಾಗಿ ಕೇಳ್ತಾನೆ. ನಮ್ಮ ಮನೆತನ ಕುಲದಲ್ಲೇ ಬಡವರದು, ಮನೆಯಲ್ಲಿ ನಾನೇ ಕೊನೆಯವನು ಅಂತಾನೆ. ಹೊಸ ಪ್ರಾಜೆಕ್ಟ್ ಕೊಟ್ಟಾಗ ನಾವೆಲ್ಲ ಹೇಳೋದೂ ಇದನ್ನೇ ಅಲ್ವಾ, ಸ್ವಲ್ಪ ಇಂಗ್ಲಿಷ್ ಬೆರೆಸಿ.

ಇಲ್ಲೊಂದು ಊರಿನ ಅಭಿಮಾನದ ಮಾತು, ಸಹಿಸಿಕೊಳ್ಳಿ. ಈ ಕಥೆ ಕನ್ನಡಕ್ಕೆ ಬಂದದ್ದು ನಮ್ಮ ಬಳ್ಳಾರಿಯಿಂದ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತರು. ಆಮೇಲೆ ವಿಲಿಯಂ ರೀವ್ ಜೊತೆಯಾದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1832ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕೂಡ ಶುರುವಾದ ಮರುವರ್ಷ, 1844ರಲ್ಲಿ, ಹೆಸರು ಬದಲಿಸಿಕೊಂಡು ಅಚ್ಚಿಗೆ ಬಂದದ್ದು ಬಳ್ಳಾರಿಗೇ. ಬಳ್ಳಾರಿ ಅಂದರೆ ಗಣಿ ಧೂಳು, ಬಿಸಿಲು ಅಂತ ಮೂಗು ಮುರಿಯುವ ಆಫೀಸಿನ ಗೆಳೆಯರಿಗೆ ನಾನು ಇದನ್ನ ಹೇಳ್ತಾನೇ ಇರ್ತೀನಿ.

ಮತ್ತೆ ಗಿದ್ಯೋನ್‌ಗೆ ಬರೋಣ. ಅವನಿಗೆ ಸಿಕ್ಕ ಮೊದಲ ಕೆಲಸ ಯುದ್ಧವಲ್ಲ. ತನ್ನ ಅಪ್ಪನ ಮನೆಯಲ್ಲಿದ್ದ ಬಾಳ ದೇವರ ಬಲಿಪೀಠ ಕೆಡವೋದು. ಊರವರಿಗೂ ಮನೆಯವರಿಗೂ ಹೆದರಿ ಅದನ್ನ ರಾತ್ರಿ ಮಾಡ್ತಾನೆ, ಹತ್ತು ಜನ ಆಳುಗಳನ್ನ ಕರ್ಕೊಂಡು. ಬೆಳಿಗ್ಗೆ ಊರವರು ಮಗನನ್ನ ಕೊಲ್ತೀವಿ ಕೊಡು ಅಂತ ಬಾಗಿಲಿಗೆ ಬಂದಾಗ ಅಡ್ಡ ನಿಲ್ಲೋನು ಆ ಬಲಿಪೀಠದ ಒಡೆಯನಾದ ಅಪ್ಪನೇ. ಬಾಳನು ದೇವರೇ ಆಗಿದ್ದರೆ ತನ್ನ ಜಗಳ ತಾನೇ ಆಡಿಕೊಳ್ಳಲಿ ಅಂದುಬಿಡ್ತಾನೆ. ಆ ಅಪ್ಪನ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ನನಗೆ ಆತ ಇಷ್ಟ.

ಆಮೇಲೂ ಗಿದ್ಯೋನ್‌ನ ಹೆದರಿಕೆ ಹೋಗಲ್ಲ. ಕಣದಲ್ಲಿ ಕುರಿ ಉಣ್ಣೆ ಇಟ್ಟು, ಇಬ್ಬನಿ ಉಣ್ಣೆ ಮೇಲೆ ಮಾತ್ರ ಬೀಳಲಿ, ನೆಲ ಒಣಗಿರಲಿ ಅಂತ ಗುರುತು ಕೇಳ್ತಾನೆ. ಹಾಗೇ ಆಗುತ್ತೆ. ಮಾರನೇ ರಾತ್ರಿ ಉಲ್ಟಾ ಮಾಡಿ ತೋರಿಸು ಅಂತಾನೆ. ಟೆಸ್ಟಿಂಗ್‌ನವರಿಗೆ ಇವನು ನಮ್ಮವನೇ ಅನಿಸಬಹುದು. ಯುದ್ಧದ ಹಿಂದಿನ ರಾತ್ರಿಯೂ ಅಷ್ಟೇ. ನಿನಗೆ ಹೆದರಿಕೆಯಾದರೆ ನಿನ್ನ ಸೇವಕನ ಜೊತೆ ಶತ್ರುಗಳ ಪಾಳೆಯದ ಹತ್ತಿರ ಹೋಗಿ ಅವರು ಏನು ಮಾತಾಡ್ತಾರೆ ಕೇಳಿಸಿಕೋ ಅಂತ ದೇವರು ಹೇಳಿದಾಗ, ಇವನು ಹೆದರಿಕೆ ಇಲ್ಲ ಅಂತ ಬಡಾಯಿ ಕೊಚ್ಚದೆ ಸುಮ್ಮನೆ ಎದ್ದು ಹೋಗ್ತಾನೆ. ಅಲ್ಲಿ ಒಬ್ಬ ಸಿಪಾಯಿ ಇನ್ನೊಬ್ಬನಿಗೆ ತನ್ನ ಕನಸು ಹೇಳ್ತಿರ್ತಾನೆ: ಜವೆಗೋಧಿಯ ಒಂದು ರೊಟ್ಟಿ ಉರುಳಿಕೊಂಡು ಬಂದು ಗುಡಾರ ಕೆಡವಿತಂತೆ. ಬೆಳೆ ದೋಚಿದವರಿಗೆ ರೊಟ್ಟಿಯೇ ಕನಸಲ್ಲಿ ಬಂದು ಹೆದರಿಸಿದ್ದು! ಜೋಳದ ರೊಟ್ಟಿ ತಿಂದು ಬೆಳೆದ ನಮಗೆ ಇದಕ್ಕಿಂತ ಒಳ್ಳೆ ಶಕುನ ಬೇಕಾ?

ಮುನ್ನೂರರ ಲೆಕ್ಕ ಎಲ್ಲರಿಗೂ ಗೊತ್ತಿರೋದೇ. ಸೇರಿದ್ದು 32,000. ಹೆದರಿಕೆ ಇರೋರು ಮನೆಗೆ ಹೋಗಬಹುದು ಅಂದಾಗ 22,000 ಜನ ಎದ್ದು ಹೋದರು. ಉಳಿದ 10,000 ಜನರಲ್ಲಿ ನೀರು ಕುಡಿಯೋ ರೀತಿ ನೋಡಿ 300 ಜನರನ್ನ ಆರಿಸಿದ್ದಾಯ್ತು. ನಮ್ಮ ಕೈಯಿಂದಲೇ ಗೆದ್ದೆವು ಅಂತ ಜನ ಜಂಬ ಪಡಬಾರದು ಅನ್ನೋದೇ ಕಾರಣ ಅಂತ ಕಥೆ ಸ್ಪಷ್ಟವಾಗಿ ಹೇಳುತ್ತೆ.

ಎಚ್‌ಆರ್‌ನವರು ಈ ಭಾಗ ಓದದಿರಲಿ ಅಂತ ನನ್ನ ಪ್ರಾರ್ಥನೆ. ಓದಿದರೆ ಮುಂದಿನ ಲೇಆಫ್ ಮೇಲ್‌ನಲ್ಲಿ ಗಿದ್ಯೋನ್ ಬರ್ತಾನೆ. ಅವರಿಗೆ ಒಂದು ಮಾತು ನೆನಪಿಸಬೇಕು: ಮನೆಗೆ ಹೋದವರನ್ನ ಗಿದ್ಯೋನ್ ಹೇಡಿಗಳು ಅನ್ನಲಿಲ್ಲ. ಶತ್ರುಗಳು ಓಡಲು ಶುರುಮಾಡಿದಾಗ ಬೆನ್ನಟ್ಟೋಕೆ ಅದೇ ಕುಲಗಳ ಜನ ಮತ್ತೆ ಬಂದರು.

ನನ್ನ ಕಥೆಯೂ ಸ್ವಲ್ಪ ಹೀಗೇ. ಆ ವರ್ಷದ ಆರಂಭದಲ್ಲಿ ನಮ್ಮ ಟೀಮಿನಲ್ಲಿ ಹನ್ನೊಂದು ಜನ ಇದ್ವಿ. ಮಾರ್ಚ್ ಮುಗಿಯೋ ಹೊತ್ತಿಗೆ ಐದು. ಲೀಡ್ ಆಗಿದ್ದವರೂ ಹೋದರು, ಕೆಲಸ ನನ್ನ ತಲೆಗೆ ಬಂತು. ಸೆಪ್ಟೆಂಬರ್‌ಗೆ ರಿಲೀಸ್. ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅಂದರೆ ಮೊದಲ ಮೀಟಿಂಗ್‌ನಲ್ಲೇ ಬಾಯಿಬಿಟ್ಟು ಹೇಳಿದ್ದು: "ನನಗೂ ಹೆದರಿಕೆ ಇದೆ. ಆಗಲ್ಲ ಅನ್ನೋರು ಈಗಲೇ ಹೇಳಿ, ಬೇರೆ ಟೀಮಿಗೆ ಹೋಗೋಕೆ ನಾನೇ ಮಾತಾಡ್ತೀನಿ." ಒಬ್ಬ ಹೇಳಿದ. ಮನೆಯಲ್ಲಿ ಹುಷಾರಿಲ್ಲದ ಅಮ್ಮ, ರಾತ್ರಿ ಕೂರೋಕೆ ಆಗಲ್ಲ ಅಂದ. ಕಳಿಸಿಕೊಟ್ಟೆ. ನಾವು ನಾಲ್ಕು ಜನ ಉಳಿದ್ವಿ.

ಆಗಸ್ಟ್‌ನ ಆ ವಾರ ಹಗಲೆಲ್ಲ ಬಗ್ ಲಿಸ್ಟ್, ರಾತ್ರಿಯೆಲ್ಲ ಫೋನಿನಲ್ಲಿ ಅಣೆಕಟ್ಟಿನ ವಿಡಿಯೋ. ಗೇಟುಗಳ ಕೆಲಸದಲ್ಲೇ ಜೀವನ ಕಳೆದ, ಎಂಬತ್ತರ ಆಸುಪಾಸಿನ ಕನ್ನಯ್ಯ ನಾಯ್ಡು ಬಂದು ನಿಂತಿದ್ದರು. ನೀರು ಖಾಲಿಯಾಗೋವರೆಗೆ ಕಾಯದೆ, ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸೋಣ ಅಂತ ಅವರ ಲೆಕ್ಕ. ಕ್ರೇನ್‌ನಿಂದ ಟನ್‌ಗಟ್ಟಲೆ ತೂಕದ ಉಕ್ಕಿನ ಹಲಗೆ ಇಳೀತಿದೆ, ಕೆಳಗೆ ಬೆಳ್ಳಗೆ ನೊರೆ, ಮೇಲೆ ಸೇತುವೆ ಮೇಲೆ ಕೆಲಸಗಾರರು. 16ರಂದು ಮೊದಲನೆಯದು ಕೂತಿತು. ಮರುದಿನದ ಹೊತ್ತಿಗೆ ಐದೂ ಕೂತವು.

ಗಿದ್ಯೋನ್ ತನ್ನ ಜನಕ್ಕೆ ಹೇಳಿದ್ದೂ ನನ್ನನ್ನ ನೋಡ್ತಾ ಇರಿ, ನಾನು ಮಾಡಿದ ಹಾಗೆ ಮಾಡಿ ಅಂತ. ನೂರು ಜನರ ಮೂರು ಗುಂಪು, ಕೈಯಲ್ಲಿ ಕಹಳೆ, ಬರಿದಾದ ಮಡಕೆಯೊಳಗೆ ಪಂಜು. ನಡುರಾತ್ರಿ ಪಹರೆ ಬದಲಾಗೋ ಹೊತ್ತಿಗೆ ಮಡಕೆ ಒಡೆದರು, ಕಹಳೆ ಊದಿದರು. ಪಾಳೆಯದವರು ಗಾಬರಿಯಲ್ಲಿ ಒಬ್ಬರನ್ನೊಬ್ಬರು ಕಡಿದುಕೊಂಡರು.

ಆ ಶನಿವಾರ ಅಪ್ಪ ಫೋನ್ ಮಾಡಿ "ಕುಂತೈತಂತ ಯವ್ವಾ" ಅಂದರು. ಅಷ್ಟೇ ಮಾತು. ಆಮೇಲೆ ಮಳೆ ಬಂತು, ಅಣೆಕಟ್ಟು ಮತ್ತೆ ತುಂಬಿತು. ನಮ್ಮ ರಿಲೀಸೂ ಹೇಗೋ ಆಯ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ನೀತಿ ಪಾಠದಲ್ಲಿ ಇಲ್ಲಿಗೇ ಮುಗಿಸಿದ್ದರು. ಎಂಟನೇ ಅಧ್ಯಾಯವನ್ನ ಯಾರೂ ಮಕ್ಕಳಿಗೆ ಓದಿ ಹೇಳಲ್ಲ.

ಅದರಲ್ಲಿ ಮೊದಲು ಒಂದು ಒಳ್ಳೆ ಸಂಗತಿ ಇದೆ. ನಮ್ಮನ್ನ ಯಾಕೆ ಮೊದಲೇ ಕರೀಲಿಲ್ಲ ಅಂತ ಎಫ್ರಾಯೀಮ್ ಕುಲದವರು ಜಗಳಕ್ಕೆ ಬಂದಾಗ, ನಿಮ್ಮ ತೋಟದಲ್ಲಿ ಕೊಯ್ದು ಬಿಟ್ಟ ಹಕ್ಕಲು ದ್ರಾಕ್ಷಿಯೇ ನಮ್ಮ ಇಡೀ ಬೆಳೆಗಿಂತ ಹೆಚ್ಚಲ್ಲವಾ ಅಂತ ಗಿದ್ಯೋನ್ ತಣ್ಣಗೆ ಹೇಳಿ ಅವರ ಸಿಟ್ಟು ಇಳಿಸ್ತಾನೆ. ಆದರೆ ಹಸಿದ ತನ್ನ ಮುನ್ನೂರು ಜನಕ್ಕೆ ರೊಟ್ಟಿ ಕೊಡದ ಸುಕ್ಕೋತ್ ಊರಿನ ಹಿರಿಯರನ್ನ ವಾಪಸ್ ಬರುವಾಗ ಮುಳ್ಳುಗಳಿಂದ ದಂಡಿಸ್ತಾನೆ. ಇನ್ನೊಂದು ಊರಿನ ಗೋಪುರ ಕೆಡವಿ ಅಲ್ಲಿನ ಗಂಡಸರನ್ನ ಕೊಲ್ತಾನೆ. ಬಲಶಾಲಿಗಳ ಹತ್ತಿರ ನಯವಾಗಿ ಮಾತಾಡಿದವನು ಸಣ್ಣ ಊರವರ ಹತ್ತಿರ ಹೀಗೆ. ಯುದ್ಧ ಗೆದ್ದು ನೊಂದುಕೊಂಡ ಅಶೋಕನ ಶಾಸನ ನಮ್ಮ ತಾಲ್ಲೂಕಿನ ನಿಟ್ಟೂರಲ್ಲೇ ಬಂಡೆ ಮೇಲಿದೆ. ಗಿದ್ಯೋನ್ ನೊಂದುಕೊಂಡ ಅಂತ ಎಲ್ಲೂ ಬರೆದಿಲ್ಲ.

ಕೊನೆಗೆ ಜನ ನೀನೇ ನಮ್ಮನ್ನ ಆಳು, ನಿನ್ನ ಮಗ, ಮೊಮ್ಮಗನೂ ಆಳಲಿ ಅಂತಾರೆ. ನಾನೂ ಆಳಲ್ಲ, ನನ್ನ ಮಗನೂ ಆಳಲ್ಲ, ದೇವರು ಆಳ್ತಾನೆ ಅಂತ ಎಂಥಾ ಚಂದದ ಉತ್ತರ ಕೊಡ್ತಾನೆ! ಅದೇ ಉಸಿರಲ್ಲಿ, ಒಂದು ಸಣ್ಣ ಕೇಳಿಕೆ ಇದೆ ಅಂತ ಲೂಟಿಯ ಕಿವಿಯೋಲೆಗಳನ್ನ ಕೇಳ್ತಾನೆ. ಒಟ್ಟು ತೂಕ 1,700 ಶೆಕೆಲ್ ಚಿನ್ನ. ಅದರಿಂದ ಏಫೋದು ಅನ್ನೋ ಯಾಜಕರ ಉಡುಪಿನಂಥದ್ದನ್ನ ಮಾಡಿಸಿ ತನ್ನ ಊರಲ್ಲಿ ಇಡ್ತಾನೆ. ಜನ ಅದನ್ನೇ ಪೂಜೆ ಮಾಡೋಕೆ ಶುರುಮಾಡ್ತಾರೆ. ಅಪ್ಪನ ಬಲಿಪೀಠ ಕೆಡವಿದವನ ಮನೆಗೇ ಅದು ಉರುಲಾಯ್ತು ಅನ್ನುತ್ತೆ ಪುಸ್ತಕ. ಅವನೊಬ್ಬ ಮಗನ ಹೆಸರು ಅಬೀಮೆಲೆಕ, ಅಂದರೆ ನನ್ನ ಅಪ್ಪ ರಾಜ. ಆಳಲ್ಲ ಅಂದವನ ಮಗನಿಗೆ ಆ ಹೆಸರು. ಆ ಮಗ ಮುಂದೆ ಗದ್ದುಗೆಗಾಗಿ ತನ್ನ ಅಣ್ಣತಮ್ಮಂದಿರನ್ನೇ ಕೊಲ್ಲಿಸಿದ.

ನವೆಂಬರ್‌ನಲ್ಲಿ ನಮ್ಮ ಟೌನ್‌ಹಾಲ್ ಮೀಟಿಂಗ್‌ನಲ್ಲಿ ನನಗೆ ಅವಾರ್ಡ್ ಬಂತು. ಎರಡು ನಿಮಿಷ ಮಾತಾಡಿ ಅಂದರು. ಎಲ್ಲ ಟೀಮಿನಿಂದಲೇ ಆಗಿದ್ದು, ನನ್ನದೇನಿಲ್ಲ ಅಂದೆ. ಚಪ್ಪಾಳೆ. ಆದರೆ ಹಿಂದೆ ತೆರೆ ಮೇಲಿದ್ದ ಸ್ಲೈಡ್ ನಾನೇ ಮಾಡಿದ್ದು. ಅದರಲ್ಲಿ ಒಂದೇ ಹೆಸರು ಇತ್ತು. ಮರೆತದ್ದಲ್ಲ. ಮೂರು ಹೆಸರು ಟೈಪ್ ಮಾಡಿ, ಅಪ್ರೈಸಲ್ ಹತ್ತಿರ ಇದೆ ಅಂತ ನೆನಪಾಗಿ, ಡಿಲೀಟ್ ಮಾಡಿದ್ದೆ. ಟೀಮಿನ ಕಿರಿಯ ಹುಡುಗ ಮೀಟಿಂಗ್ ಮುಗಿದ ಮೇಲೆ ಬಂದು "ಕಂಗ್ರಾಟ್ಸ್ ಮೇಡಂ" ಅಂದ. ಅಲ್ಲಿಯವರೆಗೆ ನನ್ನನ್ನ ಅಕ್ಕ ಅಂತಿದ್ದವನು.

ಗಾಜಿನ ಆ ಟ್ರೋಫಿ ನನ್ನ ಡೆಸ್ಕ್ ಮೇಲೆ ಇತ್ತು. ಸಂಕ್ರಾಂತಿಗೆ ಊರಿಗೆ ಹೋದಾಗ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಅಪ್ಪ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದರಾಗ ನಿಮ್ಮ ಹುಡುಗ್ರ ಹೆಸರು ಎಲ್ಲೈತಿ?" ಅಂತ ಕೇಳಿದರು. ಆಗಸ್ಟ್‌ನಲ್ಲಿ ಫೋನ್ ಮಾಡಿದಾಗಲೆಲ್ಲ ಅವರ ಬಗ್ಗೆ ನಾನೇ ಹೇಳ್ತಿದ್ದೆನಲ್ಲ, ಮೂವರ ಹೆಸರೂ ಅಪ್ಪನಿಗೆ ಬಾಯಿಪಾಠ.

ಉತ್ತರ ಹೇಳಲಿಲ್ಲ. ಸಂಜೆ ಹೊಳೆ ದಂಡೆಗೆ ಹೋಗಿ ಕೂತು ಹುಡುಗನಿಗೆ ಫೋನ್ ಮಾಡಿದೆ. ಸ್ಲೈಡಿನ ವಿಷಯ ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಿಮ್ಮೂರಲ್ಲಿ ಸೋನಾ ಮಸೂರಿ ಎಷ್ಟಕ್ಕೆ ಸಿಗುತ್ತೆ?" ಅಂತ ಕೇಳಿದ. ಅಕ್ಕ ಅನ್ನಲಿಲ್ಲ, ಮೇಡಂ ಅಂತಲೂ ಅನ್ನಲಿಲ್ಲ. ಬರುವಾಗ ಅಪ್ಪನ ಹತ್ತಿರ ಕೇಳಿ ಮೂರು ಚೀಲ ಅಕ್ಕಿ ಬಸ್ಸಿಗೆ ಹಾಕಿಸಿಕೊಂಡು ಬಂದೆ. ಅವರ ಮ್ಯಾನೇಜರ್‌ಗೆ ಬರೆಯಬೇಕಾದ ಮೇಲ್ ಮಾತ್ರ ನಾನೇ ಕೂತು ಬರೆದೆ, ಮೂರು ಹೆಸರು ಹಾಕಿ, ಬಸ್ಸು ಸಿರುಗುಪ್ಪ ದಾಟೋದರೊಳಗೆ.